ಭಾಷೆಯ ಜೊತೆಗೇ ಎಕ್ಸೆಪ್ಷನ್ ಕ್ಲಾಸ್‌ಗಳು ಬರಬೇಕಾ, ಬೇಡ್ವಾ?

ಹೊಸ_ಪಾರ್ಸರ್

ಎಲ್ಲರಿಗೂ ನಮಸ್ಕಾರ. ಎಂಟು ತಿಂಗಳಿಂದ ಬಿಡುವಾದಾಗಲೆಲ್ಲ ಒಂದು ಸಣ್ಣ ಪ್ರೋಗ್ರಾಮಿಂಗ್ ಭಾಷೆ ಕಟ್ಟುತ್ತಿದ್ದೇನೆ. ಪಾರ್ಸರ್ (ಕೋಡ್ ಓದಿ ಬಿಡಿಸುವ ಭಾಗ) ಮುಗಿದಿದೆ, ಇಂಟರ್‌ಪ್ರಿಟರ್ (ಅದನ್ನು ಓಡಿಸುವ ಭಾಗ) ಓಡುತ್ತದೆ, ಥ್ರೋ (ತೊಂದರೆ ಬಂದಾಗ ಎಕ್ಸೆಪ್ಷನ್, ಅಂದರೆ ತೊಂದರೆಯ ಸೂಚನೆ, ಎಸೆಯೋದು) ಮತ್ತು ಕ್ಯಾಚ್ (ಅದನ್ನು ಹಿಡಿಯೋದು) ಎರಡೂ ಕೆಲಸ ಮಾಡುತ್ತಿವೆ. ಸಿಕ್ಕಿಕೊಂಡಿರುವುದು ಒಂದೇ ಕಡೆ.

ಸದ್ಯಕ್ಕೆ ನನ್ನ ಭಾಷೆಯಲ್ಲಿ ಏನನ್ನು ಬೇಕಾದರೂ ಎಸೆಯಬಹುದು. ಸ್ಟ್ರಿಂಗ್ (ಅಕ್ಷರಗಳ ಸಾಲು), ನಂಬರ್, ಲಿಸ್ಟ್, ಏನಾದರೂ ಸರಿ. ರನ್‌ಟೈಮ್ (ಪ್ರೋಗ್ರಾಮ್ ಓಡಿಸುವ ವ್ಯವಸ್ಥೆ) ಕೂಡ ಹಾಗೇ ಮಾಡುತ್ತದೆ. ಸೊನ್ನೆಯಿಂದ ಭಾಗಿಸಿದರೆ "ಸೊನ್ನೆಯಿಂದ ಭಾಗಾಕಾರ" ಅನ್ನೋ ಸ್ಟ್ರಿಂಗ್ ಬಂದು ಬೀಳುತ್ತದೆ.

ನನ್ನ ಕೋಡ್ ಓದುವ ಗೆಳೆಯ ಇದನ್ನು ಒಪ್ಪುತ್ತಿಲ್ಲ. ಪೈಥಾನ್, ಜಾವಾ ಹಾಗೆ ಎಕ್ಸೆಪ್ಷನ್ ಕ್ಲಾಸ್‌ಗಳ (ಎಕ್ಸೆಪ್ಷನ್‌ನ ಹೆಸರಿಟ್ಟ ಬಗೆಗಳ) ಒಂದು ಮರವನ್ನೇ, ದೊಡ್ಡ ಬಗೆಯ ಕೆಳಗೆ ಸಣ್ಣ ಬಗೆ ಬರುವ ಹಾಗೆ, ಭಾಷೆಯ ಜೊತೆ ಕೊಡು ಅನ್ನುತ್ತಾನೆ. ಭಾಷೆ ಕೊಡಬೇಕಾದದ್ದು ಎಸೆಯುವ ಮತ್ತು ಹಿಡಿಯುವ ಏರ್ಪಾಡು ಮಾತ್ರ, ಏನು ಎಸೆಯಬೇಕು ಅನ್ನೋದು ಬರೆಯುವವರ ಕೈಯಲ್ಲಿ ಇರಲಿ ಅನ್ನೋದು ನನ್ನ ವಾದ. ಇನ್ನೊಂದು ಭಯವೂ ಇದೆ. ಒಮ್ಮೆ ಕೊಟ್ಟ ಹೆಸರನ್ನು ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ. ಯಾರೋ ಒಬ್ಬರು ಅದನ್ನು ನಂಬಿ ಕೋಡ್ ಬರೆದಿರುತ್ತಾರೆ.

ನೀವೆಲ್ಲ ಏನಂತೀರಿ? ಕೊಡೋದಾದರೆ ಎಷ್ಟು ಕೊಡಬೇಕು?

ರಾತ್ರಿಪಾಳಿ

ಕೊಡಲೇಬೇಕು. ಮತ್ತೆ ಸ್ಟ್ರಿಂಗ್ ಎಸೆಯುವುದನ್ನು ಇವತ್ತೇ ನಿಲ್ಲಿಸಿ, ದಯವಿಟ್ಟು.

ಹಳೇ_ಹಾವು

ಪೈಥಾನ್ ಈ ದಾರಿಯಲ್ಲಿ ಹೋಗಿ ವಾಪಸ್ ಬಂದಿದೆ. ಮೊದಮೊದಲು ಅಲ್ಲಿ ಎಕ್ಸೆಪ್ಷನ್ ಅಂದರೆ ಬರೀ ಸ್ಟ್ರಿಂಗ್. ಹಿಡಿಯುವಾಗ ಅಕ್ಷರ ನೋಡಿ ಹೋಲಿಸುತ್ತಿರಲಿಲ್ಲ, ಮೆಮೊರಿಯಲ್ಲಿ ಅದೇ ಆಬ್ಜೆಕ್ಟ್ ಹೌದೋ ಅಲ್ಲವೋ ಅಂತ ನೋಡುತ್ತಿತ್ತು. ಅಂದರೆ ನೀವು ಎಸೆದ ಸ್ಟ್ರಿಂಗ್ ಮತ್ತು ನಾನು ಹಿಡಿಯಲು ಬರೆದ ಸ್ಟ್ರಿಂಗ್ ಅಕ್ಷರಕ್ಕೆ ಅಕ್ಷರ ಒಂದೇ ಇದ್ದರೂ ಕೈಗೆ ಸಿಗದೇ ಹೋಗಬಹುದು. 1.5 ಆವೃತ್ತಿಯಲ್ಲಿ ಭಾಷೆಯದೇ ಎಕ್ಸೆಪ್ಷನ್‌ಗಳೆಲ್ಲ ಕ್ಲಾಸ್ ಆದವು. ಬರೆಯುವವರು ಸ್ಟ್ರಿಂಗ್ ಎಸೆಯುವುದು ಪೂರ್ತಿ ನಿಂತಿದ್ದು 2008ರಲ್ಲಿ ಬಂದ 2.6ರಲ್ಲಿ. ಬಾಗಿಲು ತೆರೆದಿಟ್ಟರೆ ಮುಚ್ಚೋದಕ್ಕೆ ಇಷ್ಟು ವರ್ಷ ಬೇಕಾಗುತ್ತದೆ. ನಿಮ್ಮ ಭಾಷೆಗೆ ಬಳಕೆದಾರರು ಬರುವ ಮೊದಲೇ ಮುಚ್ಚಿಬಿಡಿ.

ಸೆಮಿಕೋಲನ್_ಬೇಡ

ನಾನು ಹೊಸ_ಪಾರ್ಸರ್ ಅವರ ಪಕ್ಷ. ಗೋ ಭಾಷೆ ನೋಡಿ. ಎರರ್ ಅನ್ನೋದು ಒಂದು ಇಂಟರ್‌ಫೇಸ್ (ಯಾವ ಫಂಕ್ಷನ್ ಇರಬೇಕು ಅನ್ನೋ ಕರಾರು), ಅದಕ್ಕೆ ಒಂದೇ ಮೆಥಡ್ (ಫಂಕ್ಷನ್), ಅದು ಒಂದು ಸ್ಟ್ರಿಂಗ್ ಕೊಡುತ್ತದೆ. ಮರ ಇಲ್ಲ, ಕೊಂಬೆ ಇಲ್ಲ. ಎಷ್ಟೊಂದು ದೊಡ್ಡ ಸಾಫ್ಟ್‌ವೇರ್ ಅದರ ಮೇಲೇ ನಿಂತಿದೆ. ಭಾಷೆ ಕಟ್ಟುವವರಿಗೆ ಮುಂದೆ ಯಾರಿಗೆ ಯಾವ ತೊಂದರೆ ಬರುತ್ತದೆ ಅಂತ ಈಗಲೇ ಗೊತ್ತಾಗಲು ಹೇಗೆ ಸಾಧ್ಯ? ಗೊತ್ತಿಲ್ಲದ್ದಕ್ಕೆ ಹೆಸರು ಇಡೋಕೆ ಹೋಗಬಾರದು.

ರಾತ್ರಿಪಾಳಿ

@ಸೆಮಿಕೋಲನ್_ಬೇಡ ಅದೇ ಗೋ ಭಾಷೆಗೆ 2019ರಲ್ಲಿ, 1.13 ಆವೃತ್ತಿಯಲ್ಲಿ, ಎರರ್ಸ್ ಡಾಟ್ ಈಸ್ ಮತ್ತು ಎರರ್ಸ್ ಡಾಟ್ ಆ್ಯಸ್ ಸೇರಿಸಬೇಕಾಯಿತು. ಯಾಕೆ? ಒಂದು ಎರರ್ ಮೇಲೆ ಇನ್ನೊಂದು ಎರರ್ ಸುತ್ತಿಕೊಂಡು ಮೇಲೆ ಬಂದಾಗ, ಒಳಗಿರೋದು ಯಾವುದು ಅಂತ ಕೇಳೋಕೆ ಎಲ್ಲರಿಗೂ ಒಂದೇ ದಾರಿ ಇರಲಿಲ್ಲ.

ನನ್ನದೇ ಒಂದು ಅನುಭವ ಹೇಳುತ್ತೇನೆ. ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಕಡೆ ಡೇಟಾಬೇಸ್ ಸಂಪರ್ಕ ಕಡಿದರೆ ಮತ್ತೆ ಮೂರು ಸಲ ಪ್ರಯತ್ನಿಸುವ ಕೋಡ್ ಇತ್ತು. ಸಂಪರ್ಕ ಕಡಿದಿದೆ ಅಂತ ತಿಳಿಯುತ್ತಿದ್ದದ್ದು ಹೇಗೆ ಅಂದರೆ, ಎರರ್ ಸಂದೇಶದಲ್ಲಿ "ಕನೆಕ್ಷನ್ ಲಾಸ್ಟ್" ಅನ್ನೋ ಪದಗಳಿವೆಯಾ ಅಂತ ಹುಡುಕಿ. ಲೈಬ್ರರಿ ಬರೆದವರು ಒಂದು ದಿನ ಸಂದೇಶವನ್ನು ಇನ್ನಷ್ಟು ಸ್ಪಷ್ಟ ಮಾಡೋಣ ಅಂತ ವಾಕ್ಯ ತಿದ್ದಿದರು. ಅವರ ತಪ್ಪಲ್ಲ, ಸಂದೇಶ ಇರೋದೇ ಮನುಷ್ಯರು ಓದಲಿ ಅಂತ. ಆದರೆ ನಮ್ಮ ಮರುಪ್ರಯತ್ನ ನಿಂತುಹೋಯಿತು. ಟೆಸ್ಟ್ ಎಲ್ಲ ಪಾಸ್. ರಾತ್ರಿ ಎರಡು ಗಂಟೆಗೆ ನೆಟ್‌ವರ್ಕ್ ಒಂದು ಕ್ಷಣ ಕೈಕೊಟ್ಟಾಗ ಇಡೀ ವ್ಯವಸ್ಥೆ ಕೆಳಗೆ ಬಿತ್ತು. ಒಂದು ಕ್ಲಾಸ್ ಹೆಸರು ಇದ್ದಿದ್ದರೆ ಸಾಕಿತ್ತು.

ತುಕ್ಕು

ಎಕ್ಸೆಪ್ಷನ್ನೇ ಬೇಡ. ರಸ್ಟ್ ಭಾಷೆಯ ಹಾಗೆ ರಿಸಲ್ಟ್ (ಉತ್ತರ ಅಥವಾ ಎರರ್, ಎರಡರಲ್ಲಿ ಒಂದನ್ನು ವಾಪಸ್ ಕೊಡೋದು) ಕೊಡಿ, ಎರರ್ ಇದ್ದರೆ ಮೇಲಕ್ಕೆ ಕಳಿಸುವ ಪ್ರಶ್ನಾರ್ಥಕ ಚಿಹ್ನೆ ಕೊಡಿ, ಮುಗೀತು.

ಜಾವಾ_ಜೀವಿ

@ತುಕ್ಕು ಅವರು ಕೇಳಿದ ಪ್ರಶ್ನೆ ಅದಲ್ಲ ಅಲ್ವಾ. ಥ್ರೋ, ಕ್ಯಾಚ್ ಈಗಾಗಲೇ ಇವೆ. ಅಲ್ಲದೆ ರಿಸಲ್ಟ್ ತಂದರೂ ಇದೇ ಪ್ರಶ್ನೆ ಬೇರೆ ಬಾಗಿಲಿಂದ ಒಳಗೆ ಬರುತ್ತದೆ. ರಸ್ಟ್‌ನ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿ ಐಒ ಎರರ್‌ಕೈಂಡ್ ಅಂತ ಒಂದು ಪಟ್ಟಿ ಇದೆ: ನಾಟ್‌ಫೌಂಡ್, ಪರ್ಮಿಷನ್‌ಡಿನೈಡ್, ಟೈಮ್ಡ್‌ಔಟ್, ಇನ್ನೂ ಎಷ್ಟೋ. ಅವೂ ಭಾಷೆಯ ಜೊತೆಗೇ ಬಂದ ಹೆಸರುಗಳು. ಕ್ಲಾಸ್ ಅಲ್ಲ, ಈನಮ್ (ಹೆಸರುಗಳ ಗೊತ್ತಾದ ಪಟ್ಟಿ), ಅಷ್ಟೇ ವ್ಯತ್ಯಾಸ.

ಈಗ ಜಾವಾ ಬಗ್ಗೆ. ಅಲ್ಲಿ ಥ್ರೋಯಬಲ್ ಅನ್ನೋದು ಬೇರು. ಅದಕ್ಕೆ ಎರಡು ಕವಲು, ಎರರ್ ಮತ್ತು ಎಕ್ಸೆಪ್ಷನ್. ಮೆಮೊರಿ ಮುಗಿಯಿತು, ಸ್ಟ್ಯಾಕ್ ತುಂಬಿತು ಅನ್ನುವಂಥದ್ದು ಎರರ್ ಕೆಳಗೆ. ಎಕ್ಸೆಪ್ಷನ್ ಕೆಳಗೆ ರನ್‌ಟೈಮ್‌ಎಕ್ಸೆಪ್ಷನ್ ಅಂತ ಇನ್ನೊಂದು ಕವಲು. ಇದರಲ್ಲಿ ಇಲ್ಲದ ಎಕ್ಸೆಪ್ಷನ್‌ಗಳೆಲ್ಲ ಚೆಕ್ಡ್: ಒಂದೋ ಹಿಡಿಯಬೇಕು, ಇಲ್ಲ ಅಂದರೆ ಇದು ಬರಬಹುದು ಅಂತ ಮೆಥಡ್ ತಲೆಯಲ್ಲಿ ಬರೆಯಬೇಕು. ಇಪ್ಪತ್ತು ವರ್ಷ ಬರೆದ ಮೇಲೆ ನನ್ನ ಅಭಿಪ್ರಾಯ ಇಷ್ಟು. ಎಲೆಗಳು ಎಷ್ಟಿವೆ ಅನ್ನೋದು ಅಷ್ಟು ಮುಖ್ಯ ಅಲ್ಲ. ಮೊದಲ ಕವಲು ತಪ್ಪಿದರೆ ಆಮೇಲೆ ಸರಿ ಮಾಡಲು ಬರುವುದಿಲ್ಲ. ಐಒಎಕ್ಸೆಪ್ಷನ್ ಚೆಕ್ಡ್ ಕಡೆ ಇದೆ. 2014ರಲ್ಲಿ ಜಾವಾ 8ರಲ್ಲಿ ಲ್ಯಾಂಬ್ಡಾ (ಹೆಸರಿಲ್ಲದ ಸಣ್ಣ ಫಂಕ್ಷನ್), ಸ್ಟ್ರೀಮ್ (ಡೇಟಾ ಒಂದೊಂದಾಗಿ ಸಾಗುವ ಸಾಲು) ಬಂದಾಗ ಅವುಗಳ ಒಳಗಿಂದ ಇದನ್ನು ಹೊರಗೆ ಬಿಡಲು ಆಗಲಿಲ್ಲ. ಅದಕ್ಕೇ ಅನ್‌ಚೆಕ್ಡ್‌ಐಒಎಕ್ಸೆಪ್ಷನ್ ಅನ್ನೋ ಹೊಸ ಕ್ಲಾಸ್ ಮಾಡಿ, ಹಳೆಯದನ್ನು ಅದರೊಳಗೆ ಸುತ್ತಿ ಕಳಿಸುವ ದಾರಿ ಮಾಡಿದರು.

ಆದ್ದರಿಂದ ಹೊಸ_ಪಾರ್ಸರ್, ಹತ್ತು ಹೆಸರು ಬರೆಯುವ ಮುಂಚೆ ಎರಡು ಕವಲು ಯಾವುದು ಅಂತ ಕೂತು ಯೋಚಿಸಿ.

ಪ್ಲಸ್_ಪ್ಲಸ್

ಕವಲು ತಪ್ಪಿದ್ದಕ್ಕೆ ಸಿ++ ಕೂಡ ಒಳ್ಳೆ ಉದಾಹರಣೆ. ಲಾಜಿಕ್‌ಎರರ್ ಅಂದರೆ ಪ್ರೋಗ್ರಾಮರ್ ಮಾಡಿದ ತಪ್ಪು, ಓಡಿಸುವ ಮುಂಚೆಯೇ ತಡೆಯಬಹುದಾದದ್ದು. ರನ್‌ಟೈಮ್‌ಎರರ್ ಅಂದರೆ ಓಡುವಾಗ ಮಾತ್ರ ತಿಳಿಯುವಂಥದ್ದು. ಕೇಳೋಕೆ ಚೆನ್ನಾಗಿದೆ. ಈಗ ಬಳಕೆದಾರ ಟೈಪ್ ಮಾಡಿದ ಅಕ್ಷರವನ್ನು ಎಸ್‌ಟಿಒಐ ಅನ್ನೋ ಫಂಕ್ಷನ್ ಬಳಸಿ ನಂಬರ್ ಮಾಡಲು ಹೋಗಿ. ಅದು ನಂಬರ್ ಅಲ್ಲದಿದ್ದರೆ ಇನ್‌ವ್ಯಾಲಿಡ್‌ಆರ್ಗ್ಯುಮೆಂಟ್ ಬರುತ್ತದೆ. ಅದು ಯಾವುದರ ಮಗು? ಲಾಜಿಕ್‌ಎರರ್‌ದು! ಬಳಕೆದಾರ ತಪ್ಪಾಗಿ ಟೈಪ್ ಮಾಡುತ್ತಾನೆ ಅಂತ ಓಡಿಸುವ ಮುಂಚೆ ನನಗೆ ಹೇಗೆ ತಿಳಿಯಬೇಕು?

ಹೊಸ_ಪಾರ್ಸರ್

ಇದು ನನಗೆ ಗೊತ್ತೇ ಇರಲಿಲ್ಲ. ಅಂದರೆ "ಯಾರ ತಪ್ಪು" ಅನ್ನೋದರ ಮೇಲೆ ಕವಲು ಮಾಡಿದರೆ ಎಸೆಯುವವನಿಗೆ ಅದು ಗೊತ್ತಿರುವುದಿಲ್ಲ, ಅಲ್ವಾ?

ಪ್ಲಸ್_ಪ್ಲಸ್

ಅದೇ. ಒಂದೇ ಫಂಕ್ಷನ್‌ಗೆ ಅದೇ ಕೆಟ್ಟ ಇನ್‌ಪುಟ್ ಒಂದು ಸಲ ಬಗ್‌ನಿಂದ ಬರುತ್ತದೆ, ಇನ್ನೊಂದು ಸಲ ಹೊರಗಿನಿಂದ ಬರುತ್ತದೆ. ಕರೆದವನಿಗೆ ಮಾತ್ರ ವ್ಯತ್ಯಾಸ ಗೊತ್ತು.

ಕಲಿಕೆ_ಶುರು

ಮಧ್ಯೆ ಬಂದೆ, ಕ್ಷಮಿಸಿ. ನಾನು ಈಗಷ್ಟೇ ಕಲಿಯುತ್ತಿದ್ದೇನೆ. ಎರರ್ ಬೇರೆ, ಎಕ್ಸೆಪ್ಷನ್ ಬೇರೆನಾ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಹಳೇ_ಹಾವು

@ಕಲಿಕೆ_ಶುರು ಇದರಲ್ಲಿ ಕ್ಷಮೆ ಯಾಕೆ, ಒಳ್ಳೆ ಪ್ರಶ್ನೆ. ಭಾಷೆಯಿಂದ ಭಾಷೆಗೆ ಬದಲಾಗುತ್ತದೆ. ಜಾವಾದಲ್ಲಿ ಎರರ್ ಅಂದರೆ ಸಾಮಾನ್ಯ ಪ್ರೋಗ್ರಾಮ್ ಹಿಡಿಯಲು ಹೋಗಬಾರದ ಗಂಭೀರ ತೊಂದರೆ. ಪೈಥಾನ್‌ನಲ್ಲಿ ವ್ಯಾಲ್ಯೂಎರರ್, ಟೈಪ್‌ಎರರ್ ಅಂತ ಹೆಸರಿನ ಕೊನೆಗೆ ಎರರ್ ಇದ್ದರೂ ಅವೆಲ್ಲ ಎಕ್ಸೆಪ್ಷನ್ ಅನ್ನೋ ಕ್ಲಾಸಿನ ಮಕ್ಕಳೇ. ಜಾವಾಸ್ಕ್ರಿಪ್ಟ್‌ನಲ್ಲಿ ಮೇಲಿರುವ ಕ್ಲಾಸ್ ಹೆಸರೇ ಎರರ್. ನೀವು ಯಾವ ಭಾಷೆ ಕಲಿಯುತ್ತಿದ್ದೀರೋ ಅದರ ಅರ್ಥ ಇಟ್ಟುಕೊಳ್ಳಿ.

ಬ್ರೌಸರ್_ವಾಸಿ

ಜಾವಾಸ್ಕ್ರಿಪ್ಟ್ ಮಾತು ಬಂತಲ್ಲ, ಹೇಳುತ್ತೇನೆ. ಇಲ್ಲಿ ಹೊಸ_ಪಾರ್ಸರ್ ಅವರ ಭಾಷೆಯ ಹಾಗೇ ಏನನ್ನು ಬೇಕಾದರೂ ಎಸೆಯಬಹುದು. ಅದರಿಂದ ನನಗೆ ಜಾಸ್ತಿ ನೋವು ಕೊಟ್ಟಿದ್ದು ಸ್ಟ್ಯಾಕ್ ಟ್ರೇಸ್. ಎರರ್ ಆಬ್ಜೆಕ್ಟ್ ಎಸೆದರೆ ಎಲ್ಲಿಂದ ಬಂತು ಅಂತ ಅದರಲ್ಲೇ ಇರುತ್ತದೆ. ಬರೀ ಸ್ಟ್ರಿಂಗ್ ಎಸೆದರೆ ಆ ಸ್ಟ್ರಿಂಗ್ ಬಿಟ್ಟು ಬೇರೇನೂ ಕೈಗೆ ಸಿಗುವುದಿಲ್ಲ. ಪ್ರಾಮಿಸ್ (ಮುಂದೆ ಬರಬೇಕಾದ ಉತ್ತರಕ್ಕೆ ಇಟ್ಟ ಜಾಗ) ರಿಜೆಕ್ಟ್ ಮಾಡುವಾಗ, ಅಂದರೆ ಉತ್ತರ ಬರಲಿಲ್ಲ ಅನ್ನುವಾಗ, ಯಾರೋ ಏನೂ ಕೊಡದೇ ಬಿಟ್ಟರೆ, ಲಾಗ್‌ನಲ್ಲಿ "ಅನ್‌ಡಿಫೈನ್ಡ್" ಅನ್ನೋ ಒಂದೇ ಪದ. ಅದನ್ನು ಹಿಡಿದುಕೊಂಡು ಒಂದು ವಾರ ಹುಡುಕಿದ್ದೇನೆ.

ಆದರೆ ಅವರ ಭಯವೂ ನಿಜ. ಇವ್ಯಾಲ್‌ಎರರ್ ಅಂತ ಒಂದು ಕ್ಲಾಸ್ ಇದೆ. ಭಾಷೆ ಈಗ ಅದನ್ನು ತಾನಾಗಿ ಎಲ್ಲೂ ಎಸೆಯುವುದಿಲ್ಲ. ಹಳೇ ಕೋಡ್ ಮುರಿಯಬಾರದು ಅಂತ ಇವತ್ತಿಗೂ ಉಳಿದಿದೆ.

ಡಾಟ್_ನೆಟ್_ದಾರಿ

ಇದೇ ಸಾಲಿಗೆ ಡಾಟ್‌ನೆಟ್‌ನ ಅಪ್ಲಿಕೇಷನ್‌ಎಕ್ಸೆಪ್ಷನ್. ಸಿಸ್ಟಮ್ ಎಸೆಯುವುದು ಸಿಸ್ಟಮ್‌ಎಕ್ಸೆಪ್ಷನ್ ಕೆಳಗೆ, ನಾವು ಬರೆಯುವುದು ಇದರ ಕೆಳಗೆ ಅಂತ ಮೊದಲು ಹೇಳಿದ್ದರು. ಆಮೇಲೆ ಅದರಿಂದ ಏನೂ ಲಾಭ ಇಲ್ಲ, ನೇರ ಎಕ್ಸೆಪ್ಷನ್‌ನಿಂದಲೇ ಮಾಡಿಕೊಳ್ಳಿ ಅಂತ ಸಲಹೆ ಬದಲಾಯಿತು. ಕ್ಲಾಸ್ ಮಾತ್ರ ಇನ್ನೂ ಹಾಗೇ ಇದೆ.

ಏಡಾ_ಒಲವು

ಎಲ್ಲರೂ ಹೊಸ ಭಾಷೆಗಳ ಮಾತಾಡುತ್ತಿದ್ದೀರಿ. 1983ರ ಏಡಾದಲ್ಲಿ ಭಾಷೆಯ ಒಳಗೇ ಇದ್ದ ಎಕ್ಸೆಪ್ಷನ್ ಐದೇ ಐದು: ಕನ್‌ಸ್ಟ್ರೇಂಟ್, ನ್ಯೂಮೆರಿಕ್, ಪ್ರೋಗ್ರಾಮ್, ಸ್ಟೋರೇಜ್, ಟಾಸ್ಕಿಂಗ್. ಅಷ್ಟರಲ್ಲೂ ಒಂದು ಜಾಸ್ತಿಯಾಯಿತು! ಕನ್‌ಸ್ಟ್ರೇಂಟ್ ಎರರ್ ಎಲ್ಲಿ ಮುಗಿದು ನ್ಯೂಮೆರಿಕ್ ಎರರ್ ಎಲ್ಲಿ ಶುರು ಅನ್ನೋ ಗಡಿ ಸರಿಯಾಗಿ ನಿಲ್ಲಲಿಲ್ಲ. ಏಡಾ 95ರಲ್ಲಿ ನ್ಯೂಮೆರಿಕ್ ಎರರ್ ಅನ್ನೋದು ಕನ್‌ಸ್ಟ್ರೇಂಟ್ ಎರರ್‌ನ ಇನ್ನೊಂದು ಹೆಸರು ಮಾತ್ರ ಆಗಿ ಉಳಿಯಿತು. ಐದರಿಂದ ನಾಲ್ಕಕ್ಕೆ ಇಳಿದ ಪಟ್ಟಿ ಇದು. ಕಡಿಮೆ ಇಡುವುದೇ ಒಳ್ಳೇದು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ನನಗೆ ಗೊತ್ತಿಲ್ಲ.

ಸೆಮಿಕೋಲನ್_ಬೇಡ

ಏಡಾ ಅಂದ ಮೇಲೆ ಏಡಾ ಕೋಡ್ ಇದ್ದ ಏರಿಯಾನ್ 5 ರಾಕೆಟ್ ಹೇಳಲೇಬೇಕಲ್ಲ. 1996ರ ಜೂನ್ 4, ಹಾರಾಟ ಶುರುವಾದ ಸುಮಾರು 40 ಸೆಕೆಂಡಿಗೆ ರಾಕೆಟ್ ನಾಶ. ಕ್ಲಾಸ್ ಇದ್ದೂ ಏನಾಯಿತು? ಎಕ್ಸೆಪ್ಷನ್ನೇ ರಾಕೆಟ್ ಬೀಳಿಸಿತು.

ಏಡಾ_ಒಲವು

@ಸೆಮಿಕೋಲನ್_ಬೇಡ ಹಾಗೆ ಹೇಳುವುದು ಸರಿಯಲ್ಲ. 64 ಬಿಟ್‌ನ ಫ್ಲೋಟಿಂಗ್ ಪಾಯಿಂಟ್ ಸಂಖ್ಯೆಯನ್ನು 16 ಬಿಟ್‌ನ ಇಂಟೀಜರ್‌ಗೆ ತುರುಕಲು ಹೋದಾಗ ಅದು ಹಿಡಿಸಲಿಲ್ಲ. ಆ ಪರಿವರ್ತನೆಗೆ ರಕ್ಷಣೆ ಬರೆದಿರಲಿಲ್ಲ. ಏರಿಯಾನ್ 4ರಲ್ಲಿ ಆ ಸಂಖ್ಯೆ ಅಷ್ಟು ದೊಡ್ಡದಾಗುತ್ತಿರಲಿಲ್ಲ, ಕೋಡ್ ಅಲ್ಲಿಂದ ಹಾಗೇ ಬಂದಿತ್ತು. ಬ್ಯಾಕಪ್ ಯೂನಿಟ್‌ನಲ್ಲೂ ಅದೇ ಸಾಫ್ಟ್‌ವೇರ್, ಆದ್ದರಿಂದ ಅದೂ ಅದೇ ಕಾರಣಕ್ಕೆ ಬಿತ್ತು. ಜಾಸ್ತಿ ಬೇಸರದ ಮಾತು ಅಂದರೆ, ಆ ಲೆಕ್ಕ ಉಪಯೋಗಕ್ಕೆ ಬರುತ್ತಿದ್ದದ್ದು ರಾಕೆಟ್ ನೆಲ ಬಿಡುವ ಮುಂಚೆ ಮಾತ್ರ. ಎಕ್ಸೆಪ್ಷನ್‌ಗೆ ಹೆಸರು ಇತ್ತೋ ಇಲ್ಲವೋ ಅನ್ನೋದು ಅಲ್ಲಿ ಪ್ರಶ್ನೆಯೇ ಅಲ್ಲ. ಬಂದರೆ ಪ್ರೊಸೆಸರ್ ನಿಲ್ಲಿಸಿಬಿಡಬೇಕು ಅಂತ ಮೊದಲೇ ತೀರ್ಮಾನಿಸಿದ್ದರು, ಮುಳುವಾಗಿದ್ದು ಅದೇ.

ರಾತ್ರಿಪಾಳಿ

ರಾಕೆಟ್‌ಗೆ ಬೇರೆ ಚರ್ಚೆ ಶುರು ಮಾಡೋಣ, ನಾನೂ ಬರುತ್ತೇನೆ. ಇಲ್ಲಿ ಕ್ಲಾಸ್ ವಿಷಯಕ್ಕೆ ವಾಪಸ್ ಬನ್ನಿ.

ಅರ್ಧವಿರಾಮ

ಇಲ್ಲಿಯವರೆಗೆ ಯಾರೂ ಹೇಳದ ಒಂದು ತೊಂದರೆ ಇದೆ. ಬಿಲ್ಟ್‌ಇನ್ (ಭಾಷೆಯ ಜೊತೆಗೇ ಬರುವ) ಕ್ಲಾಸ್ ಇಟ್ಟರೆ ಭಾಷೆಯೂ ಅದನ್ನೇ ಎಸೆಯುತ್ತದೆ, ಬರೆಯುವವರೂ ಅದನ್ನೇ ಎಸೆಯುತ್ತಾರೆ. ಹಿಡಿಯುವವರಿಗೆ ಯಾರು ಎಸೆದರು ಅಂತ ತಿಳಿಯುವುದಿಲ್ಲ.

ನಾನು ಅನುಭವಿಸಿದ್ದು ಕೇಳಿ. ಒಂದು ಸೆಟ್ಟಿಂಗ್ ಓದುವ ಫಂಕ್ಷನ್ ಇತ್ತು. ಸೆಟ್ಟಿಂಗ್ ಇಲ್ಲದಿದ್ದರೆ ಕೀಎರರ್ (ಕೇಳಿದ ಕೀ, ಅಂದರೆ ಹೆಸರು, ಇಲ್ಲ ಅನ್ನೋ ಬಿಲ್ಟ್‌ಇನ್ ಎಕ್ಸೆಪ್ಷನ್) ಎಸೆಯುತ್ತಿತ್ತು. ನಾನು ಅದನ್ನು ಹಿಡಿದು, ಇಲ್ಲ ಅಂದರೆ ಡೀಫಾಲ್ಟ್ ಬೆಲೆ ತೆಗೆದುಕೋ ಅಂತ ಬರೆದೆ. ಎಲ್ಲ ಸರಿ. ಕೆಲವು ತಿಂಗಳ ನಂತರ ಆ ಫಂಕ್ಷನ್ ಒಳಗೆ ಯಾರೋ ಒಂದು ಸಣ್ಣ ಬದಲಾವಣೆ ಮಾಡಿದರು. ಅದರಲ್ಲಿ ಒಂದು ಡಿಕ್ಷನರಿಯ (ಹೆಸರು ಕೊಟ್ಟು ಬೆಲೆ ಪಡೆಯುವ ಪಟ್ಟಿಯ) ಕೀ ಹೆಸರಿನಲ್ಲಿ ಒಂದಕ್ಷರ ತಪ್ಪಾಯಿತು. ಈಗ ಪ್ರತಿ ಸಲ ಅಲ್ಲಿಂದ ಕೀಎರರ್ ಬರುತ್ತದೆ. ನನ್ನ ಕ್ಯಾಚ್ ಅದನ್ನು ಸುಮ್ನೆ ನುಂಗುತ್ತದೆ. ಎಲ್ಲ ಗ್ರಾಹಕರಿಗೂ ಡೀಫಾಲ್ಟ್ ಸೆಟ್ಟಿಂಗ್. ಲಾಗ್‌ನಲ್ಲಿ ಒಂದು ಸಾಲೂ ಇಲ್ಲ. ಗ್ರಾಹಕರೊಬ್ಬರು ದೂರು ಕೊಟ್ಟ ಮೇಲೇ ನಮಗೆ ತಿಳಿದದ್ದು, ಅಷ್ಟರಲ್ಲಿ ಮೂರು ವಾರ ಕಳೆದಿತ್ತು.

ಸೆಟ್ಟಿಂಗ್‌ಗೆ ಅಂತಲೇ ಒಂದು ಕ್ಲಾಸ್ ಇದ್ದಿದ್ದರೆ ಆ ಬಗ್ ಮೊದಲ ದಿನವೇ ಕಿರುಚಿಕೊಳ್ಳುತ್ತಿತ್ತು. ಬಿಲ್ಟ್‌ಇನ್ ಕೈಗೆ ಸುಲಭವಾಗಿ ಸಿಗುತ್ತದೆ, ಅದಕ್ಕೇ ಎಲ್ಲರೂ ಅದನ್ನೇ ಎಸೆಯುತ್ತಾರೆ. ನನ್ನ ಆಕ್ಷೇಪ ಅದಕ್ಕೇ.

ಹಳೇ_ಹಾವು

@ಅರ್ಧವಿರಾಮ ಪೂರ್ತಿ ಒಪ್ಪುತ್ತೇನೆ. ಪೈಥಾನ್ ಕಟ್ಟಿದವರಿಗೇ ಇದು ತಟ್ಟಿದೆ. ಇಟರೇಟರ್ (ಅಂಶಗಳನ್ನು ಒಂದೊಂದಾಗಿ ಕೊಡುವಂಥದ್ದು) ಮುಗಿಯಿತು ಅಂತ ಹೇಳಲು ಸ್ಟಾಪ್‌ಇಟರೇಷನ್ ಎಸೆಯುತ್ತಾರೆ. ಜನರೇಟರ್ (ಇಟರೇಟರ್ ಆಗಿ ಕೆಲಸ ಮಾಡುವ ಫಂಕ್ಷನ್) ಒಳಗಿನ ಯಾವುದೋ ಕೋಡ್ ಆಕಸ್ಮಿಕವಾಗಿ ಅದನ್ನು ಎಸೆದರೆ, ಹೊರಗಿನ ಲೂಪ್ "ಓ, ಮುಗಿಯಿತು" ಅಂತ ಶಾಂತವಾಗಿ ನಿಲ್ಲುತ್ತಿತ್ತು. ಅರ್ಧ ಡೇಟಾ ಮಾಯ, ಎರರ್ ಇಲ್ಲ. 3.7ರಿಂದ ಅಂಥದ್ದು ಜನರೇಟರ್‌ನಿಂದ ಹೊರಗೆ ಬರುವಾಗ ರನ್‌ಟೈಮ್‌ಎರರ್ ಆಗಿ ಬದಲಾಗುತ್ತದೆ.

ಆದರೆ ಬಿಲ್ಟ್‌ಇನ್ ಚೆನ್ನಾಗಿ ಮಾಡಿದ್ದಕ್ಕೂ ಪೈಥಾನ್‌ನಲ್ಲೇ ಉದಾಹರಣೆ ಇದೆ. ಮೊದಲು ಫೈಲ್ ತೆರೆಯಲು ಆಗದಿದ್ದರೆ ಐಒಎರರ್, ಅದೇ ಫೈಲ್ ಅಳಿಸಲು ಆಗದಿದ್ದರೆ ಓಎಸ್‌ಎರರ್, ಸಾಕೆಟ್‌ಗೆ (ನೆಟ್‌ವರ್ಕ್ ಸಂಪರ್ಕಕ್ಕೆ) ಅದರದೇ ಇನ್ನೊಂದು. ಹಿಡಿದ ಮೇಲೂ ಒಳಗಿನ ಸಂಖ್ಯೆ ನೋಡಬೇಕು. 2 ಅಂದರೆ ಫೈಲ್ ಇಲ್ಲ, 13 ಅಂದರೆ ಅನುಮತಿ ಇಲ್ಲ. 2012ರ 3.3ರಲ್ಲಿ ಎಲ್ಲವನ್ನೂ ಓಎಸ್‌ಎರರ್‌ನಲ್ಲಿ ಒಂದು ಮಾಡಿದರು. ಕೆಳಗೆ ಫೈಲ್‌ನಾಟ್‌ಫೌಂಡ್‌ಎರರ್, ಪರ್ಮಿಷನ್‌ಎರರ್ ಅಂತ ಮಕ್ಕಳನ್ನು ಇಟ್ಟರು. ಹಳೇ ಹೆಸರುಗಳೂ ಕೆಲಸ ಮಾಡುತ್ತವೆ. ಇದನ್ನು ಯಾವ ಹೊರಗಿನ ಲೈಬ್ರರಿಯೂ ಮಾಡಲು ಆಗುತ್ತಿರಲಿಲ್ಲ. ಭಾಷೆಯೇ ಮಾಡಬೇಕಿತ್ತು.

ರಾತ್ರಿಪಾಳಿ

ನೋಡಿ, ಇದೇ ನಾನು ಹೇಳುತ್ತಿರೋದು. ಎರಡು ಲೈಬ್ರರಿ ಬರೆದವರು ಒಬ್ಬರಿಗೊಬ್ಬರು ಪರಿಚಯ ಇಲ್ಲ. ಇಬ್ಬರೂ ಟೈಮ್‌ಔಟ್‌ಗೆ ಬೇರೆ ಬೇರೆ ಹೆಸರು ಇಟ್ಟರೆ, ಇಬ್ಬರನ್ನೂ ಬಳಸುವ ನಾನು ಎರಡನ್ನೂ ಹಿಡಿಯಬೇಕು. ಎಲ್ಲರಿಗೂ ಗೊತ್ತಿರುವ ಒಂದು ಹೆಸರು ಭಾಷೆಯಲ್ಲಿ ಇರಬೇಕು.

ಒಂಟೆ_ಸವಾರ

ಓಕ್ಯಾಮಲ್ ಭಾಷೆಯ ಕಡೆಯಿಂದ ಒಂದು ಮಾತು. ನಾಟ್‌ಫೌಂಡ್ ಅನ್ನೋ ಬಿಲ್ಟ್‌ಇನ್ ಎಕ್ಸೆಪ್ಷನ್ ಇದೆ. ಅದರ ಜೊತೆ ಏನೂ ಬರುವುದಿಲ್ಲ. ಏನು ಸಿಗಲಿಲ್ಲ? ಎಲ್ಲಿ ಸಿಗಲಿಲ್ಲ? ಅದು ಹೇಳುವುದಿಲ್ಲ. 2017ರ 4.05ರಲ್ಲಿ ಹೆಸರಿನ ಕೊನೆಗೆ ಆಪ್ಟ್ ಇರುವ ಫಂಕ್ಷನ್‌ಗಳು ಬಂದವು, ಸಿಗದಿದ್ದರೆ ಎಕ್ಸೆಪ್ಷನ್ ಎಸೆಯದೇ "ನನ್" (ಏನೂ ಇಲ್ಲ ಅನ್ನೋ ಬೆಲೆ) ಕೊಡುತ್ತವೆ. ನನಗಂತೂ ಆವತ್ತಿನಿಂದ ನೆಮ್ಮದಿ. ಕೊಡೋದಾದರೆ ಕ್ಲಾಸ್ ಒಳಗೆ ಮಾಹಿತಿ ತುಂಬಿ ಕೊಡಿ. ಬರೀ ಹೆಸರು ಸಾಲದು.

ಬ್ರೌಸರ್_ವಾಸಿ

+1. ಜೊತೆಗೆ "ಕಾರಣ" ಅನ್ನೋ ಜಾಗ ಬೇಕೇ ಬೇಕು. ಜಾವಾಸ್ಕ್ರಿಪ್ಟ್‌ಗೆ ಅದು ಬಂದಿದ್ದು 2022ರ ಆವೃತ್ತಿಯಲ್ಲಿ. ಅಲ್ಲಿಯವರೆಗೆ ಒಂದು ಎರರ್ ಹಿಡಿದು ಇನ್ನೊಂದು ಎಸೆದರೆ ಹಳೆಯದು ಕಳೆದುಹೋಗುತ್ತಿತ್ತು.

ಹೊಸ_ಪಾರ್ಸರ್

ಎಲ್ಲವನ್ನೂ ಓದಿದೆ. ನನ್ನ ವಾದ ಬದಲಾಗಿದೆ. ಈಗ ಹೀಗೆ ಅಂದುಕೊಂಡಿದ್ದೇನೆ. ಎಸೆಯುವುದು ಏನೇ ಇರಲಿ, ಒಂದು ಬೇರು ಕ್ಲಾಸಿನ ಮಗು ಆಗಿರಲೇಬೇಕು. ಸ್ಟ್ರಿಂಗ್ ಬಂದ್. ಬೇರಿನಲ್ಲಿ ಸಂದೇಶ, ಕಾರಣ, ಎಸೆದ ಜಾಗ ಮೂರೂ ಇರುತ್ತವೆ. ಕೆಳಗೆ ಎರಡು ಕವಲು. ಒಂದು, ಭಾಷೆ ತಾನೇ ಎಸೆಯುವಂಥದ್ದು: ತಪ್ಪು ಟೈಪ್, ತಪ್ಪು ಇಂಡೆಕ್ಸ್, ಇಲ್ಲದ ಕೀ, ಸೊನ್ನೆಯಿಂದ ಭಾಗಾಕಾರ. ಇನ್ನೊಂದು, ಹೊರಗಿನ ಪ್ರಪಂಚ ಕೈಕೊಟ್ಟಾಗ ಬರುವಂಥದ್ದು: ಫೈಲ್ ಇಲ್ಲ, ಅನುಮತಿ ಇಲ್ಲ, ಟೈಮ್‌ಔಟ್. ಎರಡನೆಯದನ್ನು ಯಾರು ಬೇಕಾದರೂ ಎಸೆಯಬಹುದು. ಮೊದಲನೆಯದನ್ನು ರನ್‌ಟೈಮ್ ಬಿಟ್ಟು ಯಾರೂ ಎಸೆಯುವಂತಿಲ್ಲ. ಅರ್ಧವಿರಾಮ ಅವರಿಗೆ ಆದದ್ದು ಆಗ ಆಗುವುದಿಲ್ಲ.

ಜಾವಾ_ಜೀವಿ

ಕೊನೆಯದನ್ನು ಒಪ್ಪಲಾರೆ. ನಾನು ನಿಮ್ಮ ಭಾಷೆಯಲ್ಲಿ ನನ್ನದೇ ಒಂದು ಲಿಸ್ಟ್ ಬರೆಯುತ್ತೇನೆ ಅಂತ ಇಟ್ಟುಕೊಳ್ಳಿ. ನಿಮ್ಮ ಲಿಸ್ಟ್ ಇರುವ ಕಡೆಯಲ್ಲೆಲ್ಲ ಅದನ್ನು ಹಾಕಬೇಕು. ಇಂಡೆಕ್ಸ್ ತಪ್ಪಾದರೆ ನಿಮ್ಮದು ಎಸೆಯುವುದನ್ನೇ ನನ್ನದೂ ಎಸೆಯಬೇಕಲ್ಲ? ನೀವು ಬಿಡದಿದ್ದರೆ ಜನ ಬೇಕಂತಲೇ ಖಾಲಿ ಲಿಸ್ಟ್ ಮಾಡಿ ಅದರ ಹತ್ತನೇ ಅಂಶ ಕೇಳಿ ನಿಮ್ಮ ಎಕ್ಸೆಪ್ಷನ್ ಬರಿಸುತ್ತಾರೆ.

ಅರ್ಧವಿರಾಮ

@ಜಾವಾ_ಜೀವಿ ಆ ಮಾತು ನಿಜ, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಎಸೆಯಲು ಬಿಡಿ. ಆದರೆ ಇಲ್ಲದ ಕೀ ಅನ್ನೋದು ದಿನಾ ಆಗುವ ವಿಷಯ. ಅದಕ್ಕೆ ಎಕ್ಸೆಪ್ಷನ್ ಇಲ್ಲದೇ ಕೇಳುವ ದಾರಿ ಕೊಟ್ಟರೆ, ಒಂಟೆ_ಸವಾರ ಹೇಳಿದ ಹಾಗೆ, ಕೀಎರರ್ ಹಿಡಿಯುವ ಅಗತ್ಯವೇ ಬೀಳುವುದಿಲ್ಲ. ಆಗ ಆ ಕವಲು ಬಂದರೆ ಅದು ಬಗ್ ಅಂತಲೇ ತಿಳಿಯಬಹುದು.

ಸೆಮಿಕೋಲನ್_ಬೇಡ

ಇದು ಪರವಾಗಿಲ್ಲ. ನಾನು ಇನ್ನೂ ಮರ ಬೇಡ ಅನ್ನುವವನೇ. ಆದರೆ ಏಳೆಂಟು ಹೆಸರು ಅಂದರೆ ಜಗಳ ಆಡುವುದಿಲ್ಲ.

ಕೆಂಪು_ಕಲ್ಲು

ತಡವಾಗಿ ಬಂದೆ, ಒಂದೇ ಪ್ರಶ್ನೆ. ಕ್ಲಾಸ್ ಹೆಸರೇ ಹೇಳದೇ ಬರೀ ಕ್ಯಾಚ್ ಅಂತ ಬರೆದರೆ ನಿಮ್ಮ ಭಾಷೆ ಏನೇನು ಹಿಡಿಯುತ್ತದೆ? ರೂಬಿಯಲ್ಲಿ ಬರೀ ರೆಸ್ಕ್ಯೂ (ಅಲ್ಲಿನ ಕ್ಯಾಚ್) ಅಂದರೆ ಸ್ಟ್ಯಾಂಡರ್ಡ್‌ಎರರ್ ಮತ್ತು ಅದರ ಮಕ್ಕಳು ಮಾತ್ರ. ಕಂಟ್ರೋಲ್ ಸಿ ಒತ್ತಿದಾಗ ಬರುವ ಇಂಟರಪ್ಟ್ ಅದರ ಹೊರಗಿದೆ. ಪೈಥಾನ್ ಕೂಡ 2006ರ 2.5ರಲ್ಲಿ ಬೇಸ್‌ಎಕ್ಸೆಪ್ಷನ್ ಅಂತ ಮಾಡಿ ಕೀಬೋರ್ಡ್‌ಇಂಟರಪ್ಟನ್ನು ಎಕ್ಸೆಪ್ಷನ್‌ನಿಂದ ಹೊರಗೆ ತೆಗೆಯಿತು. ಅಲ್ಲಿಯವರೆಗೆ ಎಕ್ಸೆಪ್ಷನ್ ಹಿಡಿದು ಮತ್ತೆ ಪ್ರಯತ್ನಿಸುವ ಲೂಪ್ ಬರೆದರೆ ಆ ಪ್ರೋಗ್ರಾಮನ್ನು ಕಂಟ್ರೋಲ್ ಸಿ ಒತ್ತಿ ನಿಲ್ಲಿಸಲು ಆಗುತ್ತಿರಲಿಲ್ಲ.

ಹೊಸ_ಪಾರ್ಸರ್

@ಕೆಂಪು_ಕಲ್ಲು ಈಗಲೇ ಓಡಿಸಿ ನೋಡಿದೆ. ಬರೀ ಕ್ಯಾಚ್ ಎಲ್ಲವನ್ನೂ ಹಿಡಿಯುತ್ತಿದೆ, ಕಂಟ್ರೋಲ್ ಸಿ ಕೂಡ. ಲೂಪ್ ನಿಲ್ಲಲೇ ಇಲ್ಲ, ಟರ್ಮಿನಲ್ ಮುಚ್ಚಬೇಕಾಯಿತು. ಹಾಗಾದರೆ ಬೇರಿಗೆ ಮೂರನೇ ಕವಲು ಬೇಕು, ಬರೀ ಕ್ಯಾಚ್ ಅದನ್ನು ಮುಟ್ಟಬಾರದು. ಇವತ್ತು ರಾತ್ರಿ ಅದನ್ನೇ ಮೊದಲು ಬರೆಯುತ್ತೇನೆ.